ಮೂರು ರಾತ್ರಿಯ ಪರ್ಮಿಟ್

೧೧ ಜನವರಿ ೧೯೫೪, ಸೋಮವಾರ. ಬೆಳಿಗ್ಗೆ ಏಳು ಗಂಟೆ.

ತಂಗಿ ಮಲ್ಲುವಿಗೆ ಜ್ವರ ೯೯.೨. ನಿನ್ನೆ ಸಂಜೆ ೧೦೦.೪ ಇತ್ತು. ಥರ್ಮಾಮೀಟರನ್ನು ಲೈಸಾಲ್ ನೀರಲ್ಲಿ ಅದ್ದಿ ಒರೆಸಿಟ್ಟೆ. ಅವಳು ಕಫ ಉಗುಳುವ ಡಬ್ಬಿಯನ್ನು ಏರಿಯ ಆಚೆ ಖಾಲಿ ಮಾಡಿ ಮಣ್ಣು ಮುಚ್ಚಿ ಬಂದೆ. ಯಾರೂ ನೋಡಲಿಲ್ಲ.

ಕಾರೇಕಟ್ಟೆ ಕೆರೆಯ ಮೇಲೆ ಇನ್ನೂ ಮಂಜು. ಆಚೆ ದಡದಲ್ಲಿ ಜಿಂಕೆಗಳು. ಹನ್ನೊಂದು ಎಣಿಸಿದೆ, ತಂಗಿ ಹದಿಮೂರು ಅಂದಳು. ಅವಳ ಮಂಚವನ್ನು ವರಾಂಡದಲ್ಲೇ ಹಾಕಿಸಿದ್ದೇನೆ. ಮಲಗಿದಲ್ಲಿಂದಲೇ ಕೆರೆ ಕಾಣುತ್ತದೆ. ಡಾಕ್ಟರು ಹೇಳಿದ್ದು ಇದನ್ನೇ — ತೆರೆದ ಗಾಳಿ, ಹಾಲು, ವಿಶ್ರಾಂತಿ. ಮೊಟ್ಟೆಯನ್ನೂ ಹೇಳಿದರು. ಮಲ್ಲು ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿಕೊಂಡು ನಕ್ಕುಬಿಟ್ಟಳು.

ಜನ ಇಲ್ಲಿಗೆ ಬರುವುದು ಮೋಜಿಗೆ. ಸರ್ಕಾರದ ಪಾರ್ಕು, ದೋಣಿ, ಪ್ರಾಣಿ ನೋಡಲು ಅಟ್ಟಣೆ, ಎರಡು ಕೋಣೆಯ ಬಂಗಲೆ. ನಾವು ಬಂದದ್ದು ಬೇರೆ ಜಾಗವಿಲ್ಲದೆ. ಮೈಸೂರಿನ ಆಸ್ಪತ್ರೆಯಲ್ಲಿ ಬೆಡ್ ಖಾಲಿಯಾದರೆ ಕಾಗದ ಬರುತ್ತದೆ. ಅಲ್ಲಿಯವರೆಗೆ ಚಾಮರಾಜನಗರದ ಮನೆಯಲ್ಲಿ ಇರುವಂತಿಲ್ಲ. ಕ್ಷಯ ಇರುವ ಮನೆ ಅಂತ ಗೊತ್ತಾದರೆ ತಮ್ಮ ಮಗಳನ್ನು ಯಾರೂ ತಂದುಕೊಳ್ಳುವುದಿಲ್ಲ ಅಂದರು ದೊಡ್ಡಪ್ಪ. ಸುಳ್ಳೂ ಅಲ್ಲ. ಅಪ್ಪ ಅವ್ವ ಹೋದ ಮೇಲೆ ಸಾಕಿದವರು. ಬಿ.ಎ. ಮುಗಿಸಿ ಎರಡು ವರ್ಷವಾದರೂ ಅವರ ಮನೆಯಲ್ಲೇ ಉಣ್ಣುತ್ತಿರುವವನು ಏನೆಂದು ಎದುರಾಡಲಿ?

ಇಲ್ಲಿ ಹೇಳಿರುವುದು: ತಂಗಿಗೆ ಟೈಫಾಯ್ಡ್ ಆಗಿತ್ತು, ಈಗ ವಾಸಿ, ನಿಶ್ಶಕ್ತಿ ಮಾತ್ರ.

ಒಂದು ಪಾರ್ಟಿಗೆ ಮೂರೇ ರಾತ್ರಿ. ನಾಳೆ ಗುಂಡ್ಲುಪೇಟೆಯ ರೇಂಜ್ ಆಫೀಸಿಗೆ ಹೋಗಿ ಇನ್ನೊಂದು ಪರ್ಮಿಟ್ ತರಬೇಕು. ಕೇಳಬೇಕು. ಬಾಯಿ ಬಿಟ್ಟು.

೧೨ ಜನವರಿ. ಸಂಜೆ.

ಸಿಕ್ಕಿತು. ಒಂದೇ ಹೆಸರಿಗೆ ಎರಡನೇ ಸಲ ಕೊಡುವಂತಿಲ್ಲವಂತೆ. ನಾನು ಮಾತಿಲ್ಲದೆ ನಿಂತದ್ದು ನೋಡಿ ಗುಮಾಸ್ತನೇ ದಾರಿ ತೋರಿಸಿದ. ಬೇರೆ ಹೆಸರು ಹೇಳಿ, ವಾರದ ದಿನ ಹೇಗೂ ಖಾಲಿ ಅಂದ. ಮಲ್ಲುವಿನ ಹೆಸರು ಬರೆಸಿದೆ. ಕುಮಾರಿ ಚಿಕ್ಕಮಲ್ಲಮ್ಮ, ಉದ್ದೇಶ: ವಿಹಾರ. ಪೋಸ್ಟಾಫೀಸಿನಲ್ಲಿ ಕಾಗದ ಇಲ್ಲ.

ಹಿಂದಿರುಗಿ, ಊಟವಾದ ಮೇಲೆ ಮಲ್ಲುವಿನ ತಟ್ಟೆ ತೊಳೆಯಲು ಹೊರಟೆ. ದಿನವೂ ನಾನೇ ತೊಳೆಯುತ್ತೇನೆ, ಬಿಸಿನೀರು, ಬೂದಿ. ಗುರುಮಲ್ಲಮ್ಮ ಅಡ್ಡ ಬಂದಳು. ಬಂಗಲೆ ನೋಡಿಕೊಳ್ಳುವ ಮೇಟಿ ಪುಟ್ಟಬಸಪ್ಪನ ಹೆಂಡತಿ. ಬಂದವರಿಗೆ ಅಡಿಗೆ ಅವಳದೇ. ನಮ್ಮವರೇ ಅಂತ ಗೊತ್ತಾದಾಗಿನಿಂದ ಮಲ್ಲುವಿನ ಮೇಲೆ ಒಂದು ಬಗೆ ಹಕ್ಕು. ಗಂಡಸು ತಟ್ಟೆ ಬೆಳಗುವುದನ್ನು ನೋಡಿಕೊಂಡು ಕೂರಲು ತನಗೇನು ಕೈ ಬಿದ್ದುಹೋಗಿದೆಯಾ ಅಂತ ಬೈದು ಕಿತ್ತುಕೊಂಡಳು. ನಾನು ಬೇಡ ಬೇಡ ಅಂದದ್ದು ಸಂಕೋಚ ಅಂತ ತಿಳಿದಳು.

ಸಂಕೋಚವೂ ಹೌದು.

೧೩ ಜನವರಿ.

ನೋಡಬಾರದಿತ್ತು. ಇಲ್ಲ, ನೋಡಿದ್ದೇ ಒಳ್ಳೆಯದು.

ಮಲ್ಲು ಅರ್ಧ ಉಂಡು ಬಿಟ್ಟಿದ್ದಳು. ಅನ್ನ, ಅವರೆಕಾಳಿನ ಸಾರು. ನೀರು ಕೇಳಲು ಅಡಿಗೆಮನೆಗೆ ಹೋದೆ. ಗುರುಮಲ್ಲಮ್ಮ ಒಲೆ ಮುಂದೆ ಕೂತು ಅದೇ ತಟ್ಟೆಯಲ್ಲಿ, ಅದೇ ಅನ್ನ ಉಣ್ಣುತ್ತಿದ್ದಳು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿದಳು. ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದಳು, ತನ್ನ ತಟ್ಟೆಯಲ್ಲಿ. ಒಂದು ಅಗುಳು ಮಣ್ಣಿಗೆ ಬೀಳುವಂತಿರಲಿಲ್ಲ.

ಹಳಸಿರಬಹುದು, ಬೇಡಿತ್ತು, ಅಂತೇನೋ ತೊದಲಿದೆ. ಅವಳು ನಕ್ಕಳು.

"ಲಿಂಗಕ್ಕೆ ತೋರ್ಸಿ ಉಂಡದ್ದು ಪ್ರಸಾದ ಕಣಪ್ಪ. ನನ್ ಮಗಳು ಬುಟ್ಟದ್ದ ನಾ ಉಣ್ಣಲ್ವಾ? ಅಂಗೇಯ."

ಮೊದಲ ದಿನದಿಂದಲೂ ಹೀಗೇ ಇರಬೇಕು. ಐದು ದಿನ. ನಾನು ತಟ್ಟೆಯನ್ನಷ್ಟೇ ತೊಳೆಯುತ್ತಿದ್ದೆ. ಬಿಟ್ಟ ಅನ್ನವನ್ನು ಅವಳು ಮುಂಚೆಯೇ ಎತ್ತಿಡುತ್ತಿದ್ದಳು. ನಾಯಿಗೆ ಅಂದುಕೊಂಡಿದ್ದೆ.

೧೪ ಜನವರಿ. ಸಂಕ್ರಾಂತಿ.

ಹೇಳಲಿಲ್ಲ.

ಬೆಳಿಗ್ಗೆ ಅಡಿಗೆಮನೆ ಬಾಗಿಲವರೆಗೆ ಹೋದೆ. ಎಳ್ಳುಬೆಲ್ಲ ಕೊಟ್ಟಳು. ತಿಂದು ಬಂದೆ. ಮಧ್ಯಾಹ್ನ ಮತ್ತೆ ಹೋದೆ. ಮಗಳು ಈರಮ್ಮನ ಮಾತು ತೆಗೆದಳು. ಬೇಗೂರಿಗೆ ಕೊಟ್ಟಿದೆ, ಚೊಚ್ಚಲು, ಎಂಟು ತುಂಬಿದೆ, ತಿಂಗಳ ಕೊನೆಗೆ ಹೆರಿಗೆಗೆ ಕರೆದುಕೊಂಡು ಬರುವುದು. ಮಲ್ಲುವಿನ ಮಂಚದ ಪಕ್ಕದಲ್ಲೇ ಒಂದು ಚಾಪೆ ಹಾಕಿದರೆ ಇಬ್ಬರಿಗೂ ಮಾತಿಗೆ ಆಯಿತು, ಅಂದಳು.

ಹೇಳಿದರೆ ಅದೇ ದಿನ ಬಂಗಲೆ ಬಿಡಬೇಕು. ಎಲ್ಲಿಗೆ? ಛತ್ರದಲ್ಲಿ ಕೆಮ್ಮು ಕೇಳಿದರೆ ಓಡಿಸುತ್ತಾರೆ. ಇಲ್ಲಿ ಬಂದ ಮೇಲೆ ಮಲ್ಲುವಿನ ತೂಕ ಇಳಿದಿಲ್ಲ, ಕಫದಲ್ಲಿ ರಕ್ತ ಒಂದೇ ಸಲ. ಇನ್ನು ಹತ್ತು ದಿನ ಸಿಕ್ಕರೆ ಕಾಗದ ಬರಬಹುದು.

ಹೇಳದಿದ್ದರೆ... ಬರೆಯಲಾರೆ.

೧೫ ಜನವರಿ.

ಪರ್ಮಿಟ್ ದೊಡ್ಡಪ್ಪನ ಹೆಸರಿಗೆ. ಕಾಗದ ಇಲ್ಲ.

೧೬ ಜನವರಿ, ಶನಿವಾರ.

ಬಾಯಲ್ಲಿ ಆಗದ್ದು ಕೈಯಲ್ಲಾದರೂ ಆಗಲಿ. ಪುಟ್ಟಬಸಪ್ಪನಿಗೆ ಕಾಗದ ಬರೆದೆ. ನಾಲ್ಕು ಸಲ ಹರಿದೆ. ಮೊದಲನೆಯದರಲ್ಲಿ ಕ್ಷಯಕ್ಕೆ 'ರಾಜಯಕ್ಷ್ಮ' ಅಂತ ಬರೆದಿದ್ದೆ. ಓದಿದ್ದು ಹೇಡಿತನಕ್ಕೆ ಎಷ್ಟು ಚೆನ್ನಾಗಿ ಒದಗುತ್ತದೆ. ಕೊನೆಯದರಲ್ಲಿ ನೇರವಾಗಿ: ನನ್ನ ತಂಗಿಗೆ ಇರುವುದು ಟೈಫಾಯ್ಡ್ ಅಲ್ಲ, ಕ್ಷಯ. ಅವಳು ಉಂಡು ಬಿಟ್ಟದ್ದನ್ನು ನಿಮ್ಮ ಮನೆಯವರು ದಯವಿಟ್ಟು ಉಣ್ಣಬಾರದು. ತಟ್ಟೆ, ಲೋಟ ಬೇರೆ ಇರಬೇಕು. ಮುಚ್ಚಿಟ್ಟದ್ದು ನನ್ನ ತಪ್ಪು. ಅವಳನ್ನು ಇನ್ನು ಕೆಲವು ದಿನ ಇಲ್ಲಿ ಇರಗೊಡಿ ಎಂದು ಬೇಡುತ್ತೇನೆ. — ಶಿವರುದ್ರಸ್ವಾಮಿ.

ನಾಳೆ ಕೊಡುತ್ತೇನೆ. ಓದಿಕೊಳ್ಳಲಿ. ಓದುವಾಗ ನಾನು ಎದುರಿಗೆ ಇರುವುದಿಲ್ಲ.

೧೭ ಜನವರಿ. ಬೆಳಿಗ್ಗೆ.

ಕೊಟ್ಟೆ.

ಪುಟ್ಟಬಸಪ್ಪ ಎರಡು ಕೈಯಲ್ಲೂ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬ ತಂದ. ಡಬ್ಬದ ತುಂಬ ಚೀಟಿಗಳು. ಬಂಗಲೆಯಲ್ಲಿ ತಂಗಿದ ದೊರೆಗಳು, ಅಮಲ್ದಾರರು, ಎಂಜಿನಿಯರುಗಳು ಹೊರಡುವಾಗ ಬರೆದುಕೊಟ್ಟ ಸರ್ಟಿಫಿಕೇಟುಗಳು. ಮೇಟಿ ಪ್ರಾಮಾಣಿಕ, ಅಡಿಗೆ ಶುಚಿ, ಬಿಸಿನೀರು ಹೊತ್ತಿಗೆ ಸರಿಯಾಗಿ. ಕೆಲವು ಮಡಿಕೆಯಲ್ಲೇ ಹರಿದಿವೆ.

"ಕನ್ನಡದಲ್ಲಿ ಯಾರೂ ಕೊಟ್ಟಿರ್ನಿಲ್ಲ ಸಾಮಿ. ನೀವೇ ಮೊದ್ಲು. ನಂಗೆ ಅಕ್ಷರ ಬರಲ್ಲ, ಏನ್ ಬರ್ದಿದ್ದೀರಿ?"

ದಿನವೂ ರಿಜಿಸ್ಟರ್ ತೆರೆದು ಸಹಿ ಹಾಕುವಲ್ಲಿ ಬೆರಳಿಟ್ಟು ತೋರಿಸುತ್ತಾನೆ. ಓದು ಬರುತ್ತದೆ ಅಂದುಕೊಂಡಿದ್ದೆ. ಗೆರೆ ಇರುವ ಜಾಗ ತೋರಿಸುತ್ತಾನೆ, ಅಷ್ಟೆ.

ಗುರುಮಲ್ಲಮ್ಮ ಬಾಗಿಲಲ್ಲಿ ಬಂದು ನಿಂತಳು. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ನಾನು ಹೇಳಿದ್ದು: ನಿಮ್ಮ ಮನೆಯವರ ಬಗ್ಗೆ ಬರೆದಿದ್ದೇನೆ.

ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವನು ಕಾಗದವನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಮುಚ್ಚಳ ಹಾಕಿದ.

೨೦ ಜನವರಿ, ಬುಧವಾರ.

ಎರಡು ದಿನ ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ.

ಆದರೆ ಒಂದು ಒಳ್ಳೆಯ ಸುದ್ದಿ. ಮಲ್ಲು ಸೋಮವಾರದಿಂದ ತಟ್ಟೆ ಪೂರ್ತಿ ಉಣ್ಣುತ್ತಿದ್ದಾಳೆ. ಎರಡು ಹೊತ್ತೂ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ ತಾನೇ ಕುಡಿಯುತ್ತಾಳೆ. ಗುರುಮಲ್ಲಮ್ಮನಿಗೆ ಹಿಗ್ಗು. ಪೇಟೆಯಲ್ಲಿ ಬೆಳೆದ ಹುಡುಗಿಗೆ ಎಂಥ ಆಚಾರ ಅಂತ ಗಂಡನಿಗೆ ಹೇಳುತ್ತಿದ್ದಳು. ಇನ್ನೊಂದು ಸೌಟು ಬಡಿಸಿದಳು. ಮಲ್ಲು ಅದನ್ನೂ ಉಂಡಳು.

ಜ್ವರ ಹಾಗೇ ಇದೆ. ಆದರೂ ಊಟ ಹತ್ತಿತಲ್ಲ. ಬಿಟ್ಟದ್ದೇ ಇಲ್ಲವಾದ ಮೇಲೆ ಗುರುಮಲ್ಲಮ್ಮನಿಗೂ ಅಪಾಯವಿಲ್ಲ. ಹೇಳುವ ಅವಸರ ಏನಿದೆ? ಇವತ್ತು ಸಂಜೆ ದೋಣಿಯ ಕಟ್ಟೆಯವರೆಗೆ ನಡೆದೆವು. ನೀರು ಹಸಿರು, ಅಂಚಿನಲ್ಲಿ ಬೆಳ್ಳಕ್ಕಿಗಳು. ಮಲ್ಲು ನನ್ನ ತೋಳು ಹಿಡಿದಿದ್ದಳು. ವಾಸಿಯಾದರೆ ಈಜು ಕಲಿಯುತ್ತೇನೆ ಅಂದಳು. ಹತ್ತೊಂಬತ್ತು ವರ್ಷದ ಹುಡುಗಿ.

೨೧ ಜನವರಿ.

ಸೋಮವಾರ ಅಪ್ಪನ ಹೆಸರಿಗೆ ಪರ್ಮಿಟ್ ತಂದಿದ್ದೆ. ಇವತ್ತು ಅವ್ವನ ಹೆಸರಿಗೆ. ಇಬ್ಬರೂ ತೀರಿಕೊಂಡವರು. ಅವ್ವ ಇದೇ ಕಾಯಿಲೆಯಲ್ಲಿ. ಗುಮಾಸ್ತ ನಿಮ್ಮದು ದೊಡ್ಡ ಕುಟುಂಬ ಅಂತ ನಕ್ಕ. ಇನ್ನು ಹೆಸರು ಉಳಿದಿಲ್ಲ. ಶನಿವಾರ ಮೈಸೂರಿನಿಂದ ಒಬ್ಬ ಲಾಯರ ಸಂಸಾರ ಪಕ್ಕದ ಕೋಣೆಗೆ ಬರುತ್ತದಂತೆ.

ಕಾಗದ ಇಲ್ಲ. ಪೋಸ್ಟ್‌ಮಾಸ್ಟರು ಈಗ ನನ್ನನ್ನು ಕಂಡರೆ ದೂರದಿಂದಲೇ ತಲೆ ಆಡಿಸುತ್ತಾರೆ.

೨೨ ಜನವರಿ. ಮಧ್ಯಾಹ್ನ.

ಊಟವಾದ ಸ್ವಲ್ಪ ಹೊತ್ತಿಗೆ ಮಲ್ಲು ಮಂಚದಲ್ಲಿರಲಿಲ್ಲ. ಬಂಗಲೆಯ ಹಿಂದೆ, ರೋಜುವಾರದ ಮುಳ್ಳುಪೊದೆಯ ಮರೆಯಲ್ಲಿ ಸಿಕ್ಕಳು. ಮೊಣಕಾಲೂರಿ ವಾಂತಿ ಮಾಡುತ್ತಿದ್ದಳು. ಉಂಡದ್ದೆಲ್ಲ. ಜೊತೆಗೆ ರಕ್ತ. ಪಕ್ಕದಲ್ಲಿ ಮಣ್ಣು ಮುಚ್ಚಿದ ಗುಡ್ಡೆಗಳು — ನಿನ್ನೆಯದು, ಮೊನ್ನೆಯದು.

ಎತ್ತಿ ಕೂರಿಸಿದೆ. ಬೆನ್ನಿನ ಮೂಳೆಗಳು ಕೈಗೆ ಸಿಕ್ಕವು. ಯಾಕೆ ಹೀಗೆ ಬಲವಂತವಾಗಿ ತಿನ್ನುತ್ತೀಯೆ ಅಂದೆ.

"ನಾನು ಬಿಟ್ರೆ ಆಯಮ್ಮ ತಿಂತಾರೆ ಅಣ್ಣಯ್ಯ."

ಗುರುಮಲ್ಲಮ್ಮ ಉಣ್ಣುವುದನ್ನು ಭಾನುವಾರ ಅಡಿಗೆಮನೆ ಕಿಟಕಿಯಿಂದ ನೋಡಿದಳಂತೆ. ನಾನು ಕಾಗದ ಕೊಟ್ಟದ್ದೂ ಅವಳಿಗೆ ಗೊತ್ತು, ಅದು ಡಬ್ಬಕ್ಕೆ ಹೋದದ್ದೂ ಗೊತ್ತು. ನಾನು ಹೇಳುತ್ತೇನೆ ಅಂತ ಕಾದಿದ್ದಾಳೆ. ಕಾಯುತ್ತ ಉಂಡಿದ್ದಾಳೆ.

ನೀನೇ ಹೇಳಿಬಿಡಬಹುದಿತ್ತಲ್ಲ ಅಂದೆ. ಎಂಥ ಮಾತು ನನ್ನ ಬಾಯಿಂದ.

ಹೊಸದರ ಮೇಲೂ ಮಣ್ಣು ಎಳೆದು ಮುಚ್ಚಿದಳು. ಆಮೇಲೆ, "ನಂಗೂ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ," ಅಂದಳು.

ಸಂಜೆ.

ಡಬ್ಬದಿಂದ ಕಾಗದ ವಾಪಸು ಕೇಳಿದೆ. ಅಕ್ಷರ ತಪ್ಪಿದೆ, ತಿದ್ದಿಕೊಡುತ್ತೇನೆ ಅಂದೆ. ಪುಟ್ಟಬಸಪ್ಪ ಬಿಡಲಿಲ್ಲ. "ಬಿ.ಎ. ಓದಿರೋರ್ದು ಏನ್ ತಪ್ಪಿರ್ತದೆ ಬುಡಿ. ನಾಳೆ ಲಾಯರ್ ಸಾಹೇಬ್ರಿಗೆ ತೋರುಸ್ಬೇಕು." ಬಂದವರಿಗೆಲ್ಲ ಮೊದಲು ಡಬ್ಬ ತೋರಿಸುವುದೇ ಅವನ ಪದ್ಧತಿ. ನಮಗೂ ತೋರಿಸಿದ್ದನಂತೆ ಮೊದಲ ದಿನ. ಮಲ್ಲುವಿನ ಹಾಸಿಗೆಯ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ.

ಈಗಲೇ ಹೇಳಬೇಕಿತ್ತು. ಅವನು ಎದುರಿಗೇ ಇದ್ದ. ಒಂದು ವಾಕ್ಯ.

ನಾಳೆ ಬೆಳಿಗ್ಗೆ, ಅವರು ಬರುವ ಮುಂಚೆ. ಖಂಡಿತ.

೨೩ ಜನವರಿ, ಶನಿವಾರ. ಸಂಜೆ ಆರು.

ಆದ ಹಾಗೆ ಬರೆಯಬೇಕು.

ಹತ್ತಕ್ಕೆ ಬರಬೇಕಾದವರು ಎಂಟಕ್ಕೇ ಬಂದರು. ಕಾರು. ಲಾಯರು, ಅವರ ಹೆಂಡತಿ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು, ಗ್ರಾಮಫೋನು. ಮಕ್ಕಳು ನೇರ ಮಲ್ಲುವಿನ ಮಂಚಕ್ಕೆ ಹತ್ತಿದವು. ಅವಳು ಎಂದೂ ಹಾಗೆ ಗದರಿದ್ದನ್ನು ನಾನು ಕೇಳಿಲ್ಲ. ಚಿಕ್ಕದು ಅತ್ತಿತು. ತಾಯಿ ಮುಖ ಊದಿಸಿಕೊಂಡು ಮಕ್ಕಳನ್ನು ದೋಣಿಗೆ ಕರೆದುಕೊಂಡು ಹೋದರು. ಗುರುಮಲ್ಲಮ್ಮ, ಕೂಸುಗಳ ಮೇಲೆ ಯಾಕಮ್ಮಿ ಸಿಟ್ಟು ಅಂದಳು. ಮಲ್ಲು ಗೋಡೆಗೆ ತಿರುಗಿ ಮಲಗಿದಳು.

ಪುಟ್ಟಬಸಪ್ಪ ಡಬ್ಬ ತಂದ. ನಾನು ಹತ್ತು ಮಾರು ದೂರದಲ್ಲಿದ್ದೆ. ಓಡಿ ಹೋಗಿ ಕಿತ್ತುಕೊಳ್ಳಬಹುದಿತ್ತು. ಲಾಯರು ಕಾಫಿ ಕುಡಿಯುತ್ತ ಮೇಲಿನ ಕಾಗದ ತೆಗೆದು ಬಿಡಿಸಿದರು. ಪುಟ್ಟಬಸಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತು, ಮುಖದ ತುಂಬ ನಗು. ಲಾಯರು ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಯಾವ ಲೋಟ, ಯಾರು ಕುಡಿದದ್ದು ಅಂತ ಅದನ್ನೇ ನೋಡಿದರು. ಕೆರೆಯ ಕಡೆ ಹೆಂಡತಿಯನ್ನು ಕೂಗಿದರು.

ಅರ್ಧ ಗಂಟೆಯಲ್ಲಿ ಸಾಮಾನು ಕಾರಿಗೆ ಹೋಯಿತು. ಹೊರಡುವಾಗ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ, ಮೆಲ್ಲಗೆ, ನೀವು ವಿದ್ಯಾವಂತರು ಅಂತ ಕೇಳಿದೆ ಅಂದರು. ರೇಂಜ್ ಆಫೀಸಿಗೆ ತಿಳಿಸಿಯೇ ಹೋಗುತ್ತೇನೆ ಅಂದರು. ಪುಟ್ಟಬಸಪ್ಪ ಏನು ತಪ್ಪಾಯಿತು ಅಂತ ಕಾರಿನ ಹಿಂದೆ ಹೋದ. ಇವರನ್ನೇ ಕೇಳು ಅಂತ ಕಾಗದವನ್ನು ಅವನ ಕೈಗೆ ಕೊಟ್ಟರು.

ಅವನು ನನ್ನ ಮುಂದೆ ಬಂದು ನಿಂತ. ನಗು ಇರಲಿಲ್ಲ. ಗುರುಮಲ್ಲಮ್ಮನೂ ಹಿಟ್ಟಿನ ಕೈಯಲ್ಲೇ ಬಂದಳು.

"ಓದಿ ಸಾಮಿ."

ಓದಿದೆ. ನಾನು ಬರೆದದ್ದನ್ನು ನಾನೇ, ಗಟ್ಟಿಯಾಗಿ, ಮೊದಲಿಂದ ಕೊನೆಯವರೆಗೆ. ತರಗತಿಯಲ್ಲಿ ಹಾಜರಿ ಕೂಗಿದಾಗಲೂ ಧ್ವನಿ ಏಳದವನು. ಕ್ಷಯ ಅನ್ನುವಲ್ಲಿ ಗುರುಮಲ್ಲಮ್ಮ ಕೈಯನ್ನು ನೋಡಿಕೊಂಡಳು. ತಟ್ಟೆ ಅನ್ನುವಲ್ಲಿ ಕೂತಳು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂದ ಬುಡು. ನಂದಾಯ್ತು. ಮುಂದಿನ್ ವಾರ ಈರಮ್ಮ ಬತ್ತಾಳಲ್ಲ, ತುಂಬಿದ್ ಬಸ್ರಿ. ಅವಳ್ಗೆ ಯಾರು ಅಡ್ಗೆ ಮಾಡದು? ಕೂಸ ಯಾರು ಎತ್ಕಳದು?"

ನಾನು ಕಾಗದವನ್ನು ಮಡಿಸಿದೆ, ಮತ್ತೆ ಬಿಡಿಸಿದೆ.

"ಮೊದ್ಲೇ ಏಳಿದ್ರೆ ಓಡುಸ್ಬುಡ್ತಿದ್ನಾ ನಾನು? ಬ್ಯಾರೆ ತಟ್ಟೆ ಮಡಗ್ತಿದ್ದೆ ಕಣಪ್ಪ. ಅಷ್ಟೇಯ."

ಎದ್ದು ಹೋದಳು. ವರಾಂಡದಲ್ಲಿ ಮಲ್ಲು ಎದ್ದು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವ್ವಾ ಅಂತ ಕರೆದಳು. ಗುರುಮಲ್ಲಮ್ಮ ನಿಂತಳು, ತಿರುಗಲಿಲ್ಲ.

೨೪ ಜನವರಿ. ಭಾನುವಾರ.

ಫಾರೆಸ್ಟ್ ಗಾರ್ಡ್ ಬಂದು ಚೀಟಿ ಕೊಟ್ಟ. ನಾಳೆ ಬೆಳಿಗ್ಗೆ ಖಾಲಿ ಮಾಡಬೇಕು. ಹಾಸಿಗೆ ಸುಡಬೇಕು, ಕೋಣೆಗೆ ಸುಣ್ಣ ಹೊಡೆಸಬೇಕು. ಸತ್ತವರ ಹೆಸರಿಗೆ ಪರ್ಮಿಟ್ ಮಾಡಿಸಿದ್ದೂ ಗೊತ್ತಾಗಿದೆ.

ಪುಟ್ಟಬಸಪ್ಪನ ಕೈಯಲ್ಲಿ ಎರಡು ಹೊತ್ತೂ ಊಟ ಬಂತು. ಮುತ್ತುಗದ ಎಲೆಯಲ್ಲಿ. ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾನೆ. ಗುರುಮಲ್ಲಮ್ಮನನ್ನು ಇಡೀ ದಿನ ನೋಡಲಿಲ್ಲ. ಅಡಿಗೆಮನೆಯಲ್ಲಿ ಒಮ್ಮೆ ಕೆಮ್ಮಿದ್ದು ಕೇಳಿಸಿತು. ಒಲೆಯ ಹೊಗೆ ಇರಬಹುದು. ಹೊಗೆಯೇ ಇರಲಿ. ಎರಡನೇ ಸಲಕ್ಕಾಗಿ ಕಿವಿಗೊಟ್ಟು ಕೂತಿದ್ದೆ, ಬರಲಿಲ್ಲ.

ಮಲ್ಲುವಿಗೆ ೧೦೨. ಮೈಸೂರಿಗೇ ಹೋಗೋಣ ಅಂತ ತೀರ್ಮಾನಿಸಿದೆ. ಬೆಡ್ ಇಲ್ಲದಿದ್ದರೆ ಆಸ್ಪತ್ರೆಯ ಗೇಟಿನಲ್ಲಿ ಕೂರುವುದು. ಕೂತವರನ್ನು ಒಂದಲ್ಲ ಒಂದು ದಿನ ಒಳಗೆ ಕರೆಯಲೇಬೇಕು. ಬೇರೆ ಏನೂ ತೋಚುತ್ತಿಲ್ಲ.

೨೫ ಜನವರಿ. ಬೆಳಿಗ್ಗೆ ಹತ್ತೂವರೆ. ಊಟಿ ರಸ್ತೆ.

ಪುಟ್ಟಬಸಪ್ಪ ಗಾಡಿ ಕಟ್ಟಿ ರಸ್ತೆಯವರೆಗೆ ಬಿಟ್ಟ. ಎರಡು ಮೈಲಿ. ಮಲ್ಲು ಮಲಗಲು ಹುಲ್ಲು ಹಾಸಿದ್ದ. ಇಳಿಸಿದ ಮೇಲೆ ಆ ಹುಲ್ಲನ್ನು ಕೋಲಿನಿಂದ ಕೆಳಗೆ ತಳ್ಳಿ ಬೆಂಕಿ ಹಚ್ಚಿದ. ಪೂರ್ತಿ ಉರಿಯುವವರೆಗೆ ಕಾದ. ಮಲ್ಲು ನೋಡುತ್ತಿದ್ದಳು. ಹೊರಡುವಾಗ ಅವಳಿಗೆ ಕೈಮುಗಿದ. ನನಗಲ್ಲ.

ಒಂಬತ್ತಕ್ಕೆ ಮೈಸೂರಿನ ಬಸ್ಸು ಬಂತು. ಜನ ತುಂಬಿತ್ತು. ಮಲ್ಲುವನ್ನು ಹಿಡಿದು ಹತ್ತಿಸುವಾಗ ಅವಳಿಗೆ ಕೆಮ್ಮು. ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದು ಏನು ಕಾಯಿಲೆ ಅಂದ.

ಹೇಳಿದೆ. ಯಾರೂ ಬಲವಂತ ಮಾಡದೆ, ಕಾಗದ ನೋಡದೆ, ಮೊದಲ ಸಲ. ಕ್ಷಯ, ಆಸ್ಪತ್ರೆಗೆ ಹೋಗಬೇಕು, ಬಾಯಿಗೆ ಬಟ್ಟೆ ಕಟ್ಟಿ ಹಿಂದೆ ಕೂರಿಸುತ್ತೇನೆ ಅಂದೆ. ಮುಂದಿನ ಸೀಟಿನ ಹೆಂಗಸು ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಯಾರೋ, ಹತ್ತಿಸಬ್ಯಾಡ ಕಣ್ಲಾ ಅಂದರು. ಕಂಡಕ್ಟರ್ ಕೆಟ್ಟವನಲ್ಲ, ಮುಖ ತಗ್ಗಿಸಿಯೇ ಗಂಟೆ ಎಳೆದ.

ಮುಂದಿನ ಬಸ್ಸು ಎರಡೂವರೆಗೆ. ಆಮೇಲೆ ನಾಳೆಯೇ. ಇದು ಕಾಡು. ಸಂಜೆಯ ಮೇಲೆ ರಸ್ತೆಗೆ ಆನೆಗಳು ಬರುತ್ತವೆ.

ಎರಡು ಗಂಟೆ.

ಹೊಂಗೆಯ ನೆರಳಿನಲ್ಲಿ ಮಲಗಿಸಿದ್ದೇನೆ. ಥರ್ಮಾಮೀಟರ್ ತೆಗೆಯಲಿಲ್ಲ. ಹಣೆ ಮುಟ್ಟಿದರೆ ಸಾಕು. ಎರಡು ಸಲ ರಕ್ತ ಬಂತು, ಎರಡನೆಯದು ಬೊಗಸೆಯಷ್ಟು. ತುಟಿ ಒದ್ದೆ ಮಾಡಿದೆ. ನೀರು ಇನ್ನು ಕಾಲು ಹೂಜಿ.

ಈಗ ಕಣ್ಣು ತೆರೆದಳು. ಬಸ್ಸು ಎಷ್ಟು ಹೊತ್ತಿಗೆ ಅಂದಳು. ಹೇಳಿದೆ.

"ಅಣ್ಣಯ್ಯ, ಈ ಸಲ ಟೈಫಾಯ್ಡ್ ಅಂದ್ಬುಡು."

ನಾನು ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ. ಸೆರಗಿನಿಂದ ಬಾಯಿಯ ಸುತ್ತ ಒರೆಸಿಕೊಳ್ಳುತ್ತಿದ್ದಾಳೆ, ಕಲೆ ಕಾಣದ ಹಾಗೆ. ಕೂದಲು ಸರಿಮಾಡಿಕೊಂಡಳು. ಕೆಮ್ಮು ತಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ — ಉಸಿರು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ, ಬಿಟ್ಟು, ಮತ್ತೆ ಹಿಡಿದು.

ಆ ಬಸ್ಸಿನಲ್ಲೂ ಒಂದು ಮಗು ಇರುತ್ತದೆ. ಇದ್ದೇ ಇರುತ್ತದೆ.

ತಿರುವಿನಲ್ಲಿ ಧೂಳು. ಹೊತ್ತಿಗೆ ಮುಂಚೆಯೇ. ಮಲ್ಲು ನನ್ನ ಭುಜ ಹಿಡಿದು ಎದ್ದು ನಿಂತಿದ್ದಾಳೆ, ನೆಟ್ಟಗೆ. ಬಸ್ಸು ನಿಧಾನ ಮಾಡುತ್ತಿದೆ. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು ನಮ್ಮನ್ನೇ ನೋಡುತ್ತ ಏನೋ ಕೇಳುತ್ತಿದ್ದಾನೆ.